ಇರುವೆ ಬಿಟ್ಟು ನೋಡಿದ ಹಾಲು

ಬಾಣಂತಿಯ ಕೋಣೆಯಲ್ಲಿ ಮಲ್ಲಿಗೆಯ ವಾಸನೆ ಬರಬಾರದು. ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಓಮಿನ ಕಾಳು, ಕೊಬ್ಬರಿ ಎಣ್ಣೆ, ಕೂಸಿನ ಒದ್ದೆ ಬಟ್ಟೆ, ಇವುಗಳ ವಾಸನೆ ಇರುತ್ತದೆ. ಆ ದಿನ ನಾನು ಕಾಲಿಗೆ ಮೆತ್ತಿದ ಎರೆ ಮಣ್ಣನ್ನು ತೊಳೆದುಕೊಂಡು ಹೊಸ್ತಿಲ ಹೊರಗೆ ನಿಂತಾಗ ಮೊದಲು ಮೂಗಿಗೆ ಬಂದದ್ದು ಮಲ್ಲಿಗೆ. ನಮ್ಮ ಕಡೆ ಕೂಸು ತೀರಿಹೋದ ತಾಯಿಯ ಎದೆಗೆ ಮಲ್ಲಿಗೆ ಹೂ ಕಟ್ಟುತ್ತಾರೆ, ಹಾಲು ಬತ್ತಲಿ ಎಂದು. ನನಗೆ ಕಾಲು ಕಿತ್ತಿಡಲು ಆಗಲಿಲ್ಲ. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಕೂಸು ಇದೆ, ಮಲ್ಲಿಗೆಯೂ ಇದೆ ಎಂದರೆ ಏನು ಎಂದು ಮಾತ್ರ ತಿಳಿಯಲಿಲ್ಲ.

ಮೊಮ್ಮಕ್ಕಳೇ, ನಾನು ಹೆಗಲಿಗೆ ಚೀಲ ಹಾಕಿಕೊಂಡು ಎಲ್ಲಿಗೆ ಹೋಗುತ್ತಿದ್ದೆ ಎಂದು ನೀವು ಕೇಳಿದಾಗಲೆಲ್ಲ "ಕೂಸು ತೂಗಾಕ" ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಎದೆಹಾಲಿನ ಮಾತನ್ನು ಬಾಯಿಬಿಟ್ಟು ಆಡಲು ನನಗೆ ಇಂದಿಗೂ ನಾಚಿಕೆ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಗೊಂಬೆಯನ್ನು ಕೈಗೆ ಕೊಟ್ಟು, ಹಾಲು ಕುಡಿಸುವುದು ಹೇಗೆಂದು ತೋರಿಸಿ ಎಂದಾಗ ಗೋಡೆಯ ಕಡೆ ಮುಖ ಮಾಡಿ ತೋರಿಸಿದವಳು ನಾನು. ಬರೆಯುವಾಗ ನೀವು ಎದುರಿಗೆ ಕುಳಿತಿರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಆ ಮನೆ ನಮ್ಮ ಊರಿನ ಕೆಳಗಿನ ಓಣಿಯಲ್ಲಿತ್ತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಕೆಯ ಗಂಡ ಅಣ್ಣಿಗೇರಿಯ ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ತಂದೆ ಹೊಲ ಬಿಟ್ಟು ಮನೆಗೆ ಬರುವುದೇ ಊಟಕ್ಕೆ. ಮನೆಯೊಳಗಿನ ಮಾತೆಲ್ಲ ಬಾಣಂತಿಯ ತಾಯಿಯದು. ಆಕೆಯನ್ನು ಹಿರಿಯಾಕೆ ಎಂದೇ ಬರೆಯುತ್ತೇನೆ; ವಯಸ್ಸಿನಲ್ಲಿ ನನ್ನ ಸರೀಕಳು. ಹೆರಿಗೆ ನವಲಗುಂದದ ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಆಗಿತ್ತು. ಹೆಣ್ಣು ಕೂಸು. ಅಲ್ಲಿ ಹುಟ್ಟಿದ ಕೂಡಲೇ ಎದೆಗೆ ಹಾಕಿಸಿದ್ದರು, ಕೂಸು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ನಾನೇ ಕಣ್ಣಾರೆ ನೋಡಿ ಬಂದಿದ್ದೆ.

"ಬರ್ರಿ ಅಕ್ಕಾರ, ಹೊರಗ ಯಾಕ ನಿಂತೀರಿ? ಐದೇಶಿ ಮುಗದೈತಿ," ಎಂದು ಹಿರಿಯಾಕೆ ಕರೆದಳು.

ಐದನೇ ದಿನದ ಪೂಜೆ ಮುಗಿಯುವ ತನಕ ಗಂಡ ಸತ್ತವಳು ಬಾಣಂತಿಯ ಕೋಣೆಗೆ ಹೋಗಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ನಾನು ಹೊರಗೆ ನಿಲ್ಲುತ್ತಿದ್ದೆ.

ಒಳಗೆ ಹೊರಸಿನ ಮೇಲೆ ಬಾಣಂತಿ ಕುಳಿತಿದ್ದಳು. ಎದೆಗೆ ಹಳೆಯ ಧೋತರದ ತುಂಡು ಬಿಗಿದಿತ್ತು, ಅದರೊಳಗಿಂದ ಬಾಡಿದ ಮಲ್ಲಿಗೆ ಇಣುಕುತ್ತಿತ್ತು. ಪಕ್ಕದಲ್ಲಿ ಬಾಟಲಿ. ಅದರಲ್ಲಿ ನೀರು ಬೆರೆಸಿದ ಆಕಳ ಹಾಲು.

"ಇದನ್ನ ಯಾಕ ಕಟ್ಟೀರಿ ಯಕ್ಕಾ?"

"ಹಾಲು ಕೆಟ್ಟೈತ್ರಿ ಆಕೀದು."

"ಯಾರು ಹೇಳಿದ್ರು?"

"ಯಾರ ಯಾಕ ಹೇಳಬೇಕ್ರಿ? ಇರವಿ ಬಿಟ್ಟು ನೋಡೇನಿ."

ಕೂಸಿಗೆ ಹಳದಿಯಾಗಿ, ತೆಳ್ಳಗೆ, ಮೇಲಿಂದ ಮೇಲೆ ಹೊರಕಡೆ ಆಗಿತ್ತಂತೆ. ಎದೆಹಾಲು ಕುಡಿಯುವ ಕೂಸಿಗೆ ಅದು ಹಾಗೆಯೇ ಆಗುತ್ತದೆ; ಆಗದಿದ್ದರೆ ಚಿಂತೆ ಮಾಡಬೇಕು. ಹಿರಿಯಾಕೆ ಅದನ್ನು ಕಂಡು ಹೆದರಿ, ಮಗಳ ಹಾಲನ್ನು ಬಟ್ಟಲಿಗೆ ಹಿಂಡಿಸಿ, ಅದರಲ್ಲಿ ಕರಿ ಇರುವೆ ಬಿಟ್ಟಿದ್ದಳು. ಇರುವೆ ಈಜಿ ದಡ ಹತ್ತಿದರೆ ಹಾಲು ಒಳ್ಳೆಯದು, ಅಲ್ಲೇ ಸತ್ತರೆ ಹಾಲಿನಲ್ಲಿ ನಂಜು ಇದೆ. ಇದು ಆಕೆಯ ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದು ಬಂದದ್ದು.

"ಮೂರು ಬಿಟ್ಟಳ್ರಿ ಅಕ್ಕಾರ, ಮೂರೂ ಸತ್ತೂ," ಎಂದಳು ಬಾಣಂತಿ. "ನಾಕನೇದು ಎದ್ದು ಓಡಿ ಹೋತು. ಅದನ್ನ ಲೆಕ್ಕಕ್ಕ ಹಿಡೀಲಿಲ್ಲ."

"ಸುಮ್ನ ಕುಂದರಬೇ. ಅದು ಹಾಲಾಗ ಬಿದ್ದಿದ್ದಿಲ್ಲ, ದಂಡಿಗೆ ಬಿದ್ದಿತ್ತು."

ಹುಡುಗಿ ನಕ್ಕಳು. ನಗುವಾಗ ಎದೆ ನೋವಾಗಿ ಮುಖ ಕಿವುಚಿದಳು. ನಾನು ಬಾಗಿಲು ಮುಂದಕ್ಕೆ ಮಾಡಿ ಬಟ್ಟೆ ಬಿಚ್ಚಿಸಿ ನೋಡಿದೆ. ಎದೆ ಕಲ್ಲಿನಂತೆ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಸುಡುತ್ತಿತ್ತು. ಬಿಸಿನೀರಿನ ಬಟ್ಟೆ ಇಟ್ಟು, ಹಿಂಡುವುದನ್ನು ಕಲಿಸಿದೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ತೊಟ್ಟನ್ನು ಎಳೆಯಬಾರದು, ಅದರ ಸುತ್ತಲಿನ ಕಪ್ಪು ಭಾಗದ ಹಿಂದೆ ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಮುಂದಕ್ಕೆ ಹಿಂಡಬೇಕು. ಹಾಲು ಚಿಮ್ಮಿ ನನ್ನ ಸೀರೆಗೆ ಬಿತ್ತು. ಅಷ್ಟೂ ಹಾಲನ್ನು ಹಿರಿಯಾಕೆ ಯಾರೂ ತುಳಿಯದ ಹಾಗೆ ಹಿತ್ತಲ ಗೋಡೆಯ ಬುಡಕ್ಕೆ ಸುರುವಿ ಬಂದಳು. ಒಳಗೆ ಕೂಸು ಬಾಟಲಿಯನ್ನು ಚೀಪುತ್ತಿತ್ತು.

ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ನಾನು ಹೇಳಿದೆ. ತಾಯಿಯ ಹಾಲು ಕೆಡುವುದಿಲ್ಲ, ಮೊದಲ ಹಳದಿ ಹಾಲೇ ಕೂಸಿಗೆ ಬಲ, ಆರು ತಿಂಗಳ ತನಕ ನೀರೂ ಬೇಡ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. ಹಿರಿಯಾಕೆ ಸಿಟ್ಟು ಮಾಡಲಿಲ್ಲ. ಕೂಸಿನ ಬಾಯಿ ಒರೆಸುತ್ತ ಹೇಳಿದಳು:

"ನೀವು ಹೇಳೂದು ಹೇಳ್ರಿ, ನಿಮ್ಮ ಕೆಲಸ ಅದು. ಇಕೀಗಿಂತ ಮದಲ ನಾ ಎರಡು ಹಡದಿದ್ದೆ. ಎರಡೂ ಗಂಡು. ನನ್ನ ಹಾಲು ಕುಡದು ಎರಡೂ ಹೋದೂ. ನಮ್ಮತ್ತಿ ಇರವಿ ಬಿಟ್ಟು ನೋಡಿ ಹಾಲು ಬಿಡಿಸಿದ್ಲು, ಆದ್ರೂ ಉಳೀಲಿಲ್ಲ. ಅಷ್ಟೊತ್ತಿಗೆ ನಂಜು ಮೈಗೇರಿತ್ತು. ಇಕೀಗೆ ಒಂದು ಹನಿ ಕುಡಸಲಿಲ್ಲ ನಾ. ಆಡಿನ ಹಾಲಿನ ಮ್ಯಾಲ ಬೆಳದಾಳ. ನೋಡ್ರಿ, ಏನ್ ಕಡಿಮಿ ಐತಿ ಇಕೀಗೆ?"

ಆಡಿನ ಹಾಲು ಕುಡಿದು ಬದುಕಿದ ಮಗಳು ಅಲ್ಲಿ ಇದ್ದಳು. ಎದೆಹಾಲು ಕುಡಿದವರು ಇರಲಿಲ್ಲ. ಆಕೆಯ ಲೆಕ್ಕ ಆಕೆಗೆ ಸರಿಯಾಗಿತ್ತು. "ನಮ್ಮ ಹಾಲ ಹಂಗ ಐತ್ರಿ. ನನ್ನಿಂದ ಇಕೀಗೆ ಬಂದೈತಿ," ಎಂದು ಮುಗಿಸಿದಳು.

ಮುಂದಿನ ಸಲ ಹೋದಾಗ ಬಾಣಂತಿ ಕಣ್ಣು ಮಿಟುಕಿಸಿ ನನ್ನನ್ನು ಕರೆದಳು. ಪಿಯುಸಿ ಓದಿದ ಹುಡುಗಿ, ಬಾಯಿ ಚುರುಕು. ತಾಯಿ ಬಾಟಲಿಗೆ ಹಾಲು ಕಾಸಿ ಆರಿಸಿ ತಂದಿದ್ದಳು. ಹುಡುಗಿ ಅದರಲ್ಲಿ ಸ್ವಲ್ಪವನ್ನು ಬಟ್ಟಲಿಗೆ ಸುರುವಿ, ಗೋಡೆಯ ಮೇಲೆ ಹೊರಟಿದ್ದ ಇರುವೆಯನ್ನು ಹಿಡಿದು ಅದರಲ್ಲಿ ಬಿಟ್ಟಳು.

"ಯವ್ವಾ, ಇಲ್ಲಿ ನೋಡಬೇ. ಇದು ಆಕಳ ಹಾಲು. ಇದರಾಗೂ ಸತ್ತತಿ. ಈಗೇನಂತೀ?"

ನನಗೆ ಒಳಗೊಳಗೇ ಹಿಗ್ಗಾಯಿತು. ನನ್ನಿಂದ ಆಗದ್ದನ್ನು ಈ ಹುಡುಗಿ ಒಂದು ಇರುವೆಯಿಂದ ಮಾಡಿದಳಲ್ಲ ಎಂದುಕೊಂಡೆ. ಹಿರಿಯಾಕೆ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಿಂದ ಇರುವೆಯನ್ನು ಹೊರಳಿಸಿದಳು. ಆಕೆಯ ಮುಖ ಕಪ್ಪಿಟ್ಟಿತು.

"ಹೌದಲ್ಲಬೇ," ಎಂದಳು. "ನಾ ನೋಡೇ ಇಲ್ಲ. ಹಂಗಾರ ಆಕಳ ಹಾಲೂ ಬ್ಯಾಡ."

ಅದೇ ಸಂಜೆ ಅಳಿಯನಿಗೆ ಫೋನು ಹೋಯಿತು. ಆತ ಡಬ್ಬಿ ಹಾಲಿನ ಪುಡಿ ತಂದುಕೊಟ್ಟ. ಪುಡಿಯಲ್ಲಿ ಇರುವೆ ಓಡಾಡಿಕೊಂಡಿರುತ್ತದೆ, ಸಾಯುವುದಿಲ್ಲ. ಹಿರಿಯಾಕೆಗೆ ಅಷ್ಟು ಸಾಕಾಯಿತು.

ಡಬ್ಬಿಯ ಮೇಲೆ ಬರೆದ ಅಳತೆಯನ್ನು ಹುಡುಗಿ ಓದಿ ಹೇಳಿದರೂ ತಾಯಿ ಒಪ್ಪಲಿಲ್ಲ. ಅಷ್ಟು ಗಟ್ಟಿ ಹಾಲು ಬೆರಳಿನಷ್ಟು ಕೂಸಿಗೆ ಹ್ಯಾಗೆ ಅರಗೀತು ಎಂದು ಪುಡಿ ಕಡಿಮೆ, ನೀರು ಹೆಚ್ಚು ಹಾಕುತ್ತಿದ್ದಳು. ನೀರು ಊರ ಕೆರೆಯದು. ಆಗ ಮಳೆ ಹಿಡಿದಿತ್ತು, ಕೆರೆಗೆ ಹೊಸ ನೀರು ಬಂದು ಕೆಂಪಗಾಗಿತ್ತು. ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬೆಚ್ಚಗೆ ಮಾಡಿ ಬೆರೆಸುತ್ತಿದ್ದಳು. ಕುದಿಸಬೇಕು ಎಂದು ನಾನು ಹೇಳಿದೆ. ಕುದಿಸುವೆನೆಂದಳು. ನಾನು ಇದ್ದಾಗ ಕುದಿಸಿದಳು. ಬಾಟಲಿಯ ರಬ್ಬರಿನ ಒಳಗೆ ಹಳೆಯ ಹಾಲು ಕೆನೆಗಟ್ಟಿ ಕುಳಿತಿತ್ತು.

ಒಂದು ಸಲ ತಾಯಿ ಕೆರೆಗೆ ಬಟ್ಟೆ ಒಗೆಯಲು ಹೋದಾಗ ಹುಡುಗಿ ಕೇಳಿದಳು: "ಅಕ್ಕಾರ, ಕದ್ದು ಕುಡಸಲೇನ್ರಿ?"

"ಕುಡಸವ್ವ. ನಿನ್ನ ಕೂಸಿಗೆ ನೀ ಕುಡಸಾಕ ಕಳವು ಏನ್ ಬಂತು?" ಎಂದೆ.

ಮಲ್ಲಿಗೆಯನ್ನು ತೆಗೆದಿಟ್ಟು ಇಬ್ಬರೂ ಕೂಡಿ ಕೂಸನ್ನು ಹಚ್ಚಿದೆವು. ಬಾಟಲಿಗೆ ರೂಢಿಯಾದ ಬಾಯಿ. ತೊಟ್ಟಿನ ತುದಿಯನ್ನಷ್ಟೇ ಕಚ್ಚಿ, ಬಾರದಾಗ ಸಿಟ್ಟಿಗೆದ್ದು ಬಿಟ್ಟು ಬಿಡುತ್ತಿತ್ತು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಮೇಲುತುಟಿಗೆ ತೊಟ್ಟು ಸವರಿ, ಬಾಯಿ ಅಗಲವಾಗಿ ತೆರೆದ ಗಳಿಗೆಯಲ್ಲಿ ಒಳಗೆ ಕೊಡಬೇಕು. ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಗೆ ಮಡಚಿಕೊಳ್ಳಬೇಕು. ಕೊನೆಗೂ ಹಿಡಿಯಿತು. ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳು. ಬಾಗಿಲ ಕಡೆಯೇ ಆಕೆಯ ಕಣ್ಣು.

ಮರುದಿನ ಕೂಸಿಗೆ ಭೇದಿ ಹಿಡಿಯಿತು. ಈ ಸಲ ನಿಜವಾದ ಭೇದಿ, ನೀರಿನಂತೆ, ನಾತ ಹೊಡೆಯುವಂಥದ್ದು. ನಾನು ಹೋದಾಗ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾಯಿಗೆ ಎಲ್ಲವನ್ನೂ ತಾನೇ ಹೇಳಿಬಿಟ್ಟಿದ್ದಳು.

"ನಂದರಾಗೂ ಐತ್ರಿ ಅಕ್ಕಾರ, ನಂಜು. ಒಂದು ಸರ್ತಿ ಕುಡಿಸಿದ್ದಕ್ಕ ಹಿಂಗಾತು. ನೀವು ಇನ್ನ ಹೇಳಬ್ಯಾಡ್ರಿ."

ಬಾಟಲಿ, ನೀರು ಎಂದು ನಾನು ಏನೇನೋ ಹೇಳಿದೆ. ಆಕೆಯ ಕಿವಿಗೆ ಹೋಗಲಿಲ್ಲ. ಅಷ್ಟು ದಿನ ತಾಯಿಯೊಬ್ಬಳೇ ನಂಬಿದ್ದಳು, ಮಗಳು ಅದನ್ನು ನಕ್ಕು ತಳ್ಳುತ್ತಿದ್ದಳು. ಈಗ ಆ ಮನೆಯಲ್ಲಿ ನಗುವವರು ಯಾರೂ ಉಳಿಯಲಿಲ್ಲ. ಆಕೆ ತಾನೇ ಧೋತರದ ತುಂಡನ್ನು ಬಿಗಿಯಾಗಿ ಕಟ್ಟಿಕೊಂಡಳು. ಎದೆ ಇಳಿಯುತ್ತ ಬಂತು.

ಹಿರಿಯಾಕೆ ಈಗ ಅಳವಿಯ ಪಾಯಸವನ್ನೂ ಸಬ್ಬಸಗಿ ಪಲ್ಯವನ್ನೂ ನಿಲ್ಲಿಸಿದಳು, ಅವು ಹಾಲು ಏರಿಸುತ್ತವೆ ಎಂದು. ನೀರನ್ನಂತೂ ಮೊದಲಿನಿಂದಲೂ ಹಿಡಿದು ಕೊಡುತ್ತಿದ್ದಳು. ಬಾಣಂತಿಗೆ ನೀರು ಹೆಚ್ಚಾದರೆ ಹೊಟ್ಟೆ ಬರುತ್ತದೆ, ಮೈ ಬಾತುಕೊಳ್ಳುತ್ತದೆ ಎಂಬುದು ಊರಿಗೆ ಊರೇ ನಂಬಿದ ಮಾತು.

ಮೂರು ದಿನ ಕಳೆದರೂ ಭೇದಿ ನಿಲ್ಲಲಿಲ್ಲ. ಜೋಳಿಗೆಯ ತಕ್ಕಡಿಯಲ್ಲಿ ಕೂಸನ್ನು ತೂಗಿದೆ. ಮುಳ್ಳು ಹಳದಿ ಪಟ್ಟಿ ಬಿಟ್ಟು, ತೂಕ ತೀರ ಕಡಿಮೆ ಎನ್ನುವ ಕೆಂಪಿಗೆ ಇಳಿದಿತ್ತು. ಹೊಟ್ಟೆಯ ತೊಗಲನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ನೆತ್ತಿಯ ಸುಳಿ ಗುಂಡಿ ಬಿದ್ದಿತ್ತು. ಬೆಳಗಿನಿಂದ ಉಚ್ಚೆ ಹೊಯ್ದ ಬಟ್ಟೆ ಒಂದೂ ಇರಲಿಲ್ಲ. ಅಳುವಾಗ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ.

"ಈಗಿಂದೀಗ ದವಾಖಾನಿಗೆ ಹೋಗೂಣು," ಎಂದೆ. ಅಷ್ಟು ದೊಡ್ಡ ದನಿಯಲ್ಲಿ ನಾನು ಯಾರ ಮನೆಯಲ್ಲೂ ಮಾತಾಡಿರಲಿಲ್ಲ. ಹಿರಿಯಾಕೆ ಬೆಚ್ಚಿ ನೋಡಿದಳು.

ಆಂಬುಲೆನ್ಸಿಗೆ ಫೋನು ಮಾಡಿದೆ. ಹಳ್ಳ ತುಂಬಿ ಬಂದಿದೆ, ಆಚೆ ದಂಡೆಯ ತನಕ ಬರುತ್ತೇವೆ, ಈಚೆಗೆ ಬರಲಾಗುವುದಿಲ್ಲ ಎಂದರು. ಬಾಜೂ ಮನೆಯವರ ಟ್ರ್ಯಾಕ್ಟರಿನಲ್ಲಿ ಕೂತೆವು. ಟ್ರೇಲರಿನ ಮೇಲೆ ತಾಡಪತ್ರಿ ಹಿಡಿದು, ನಡುವೆ ಬಾಣಂತಿ, ಆಕೆಯ ರವಿಕೆಯೊಳಗೆ ಬರಿಮೈಯ ಕೂಸು. ಬೆಚ್ಚಗಿರಲೆಂದು ನಾನೇ ಹಾಗೆ ಹಾಕಿಸಿದ್ದೆ. ಹಿರಿಯಾಕೆ ಟ್ರೇಲರಿನ ಮೂಲೆಗೆ ಒತ್ತಿ ಕೂತಿದ್ದಳು. ಕೂಸಿನ ಕಡೆ ನೋಡಲಿಲ್ಲ. ಹಳ್ಳದ ನೀರು ಗಾಲಿಯ ಅರ್ಧಕ್ಕೆ ಬಂದಾಗಲೂ ಆಕೆಯ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ಮುಂದಿನದು ಆಕೆಗೆ ಗೊತ್ತಿತ್ತು, ಎರಡು ಸಲ ಕಂಡದ್ದು.

ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಸಲೈನ್ ಹಚ್ಚಿದರು. ನರ ಸಿಗದೆ ಬಹಳ ಹೊತ್ತು ಹುಡುಕಿದರು. ಡಾಕ್ಟರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೋಡೋಣ ಎಂದರು. ಎರಡನೇ ದಿನ ಕೂಸು ಕಣ್ಣು ತೆರೆಯಿತು. ಮಕ್ಕಳ ವಾರ್ಡಿನ ಸಿಸ್ಟರ್ ಬಂದು ಬಾಣಂತಿಯ ಎದೆ ಹಿಂಡಿ ನೋಡಿದರು. ಒಂದು ಹನಿ ಬಂತು, ಅದೂ ತೊಟ್ಟಿನ ತುದಿಯಲ್ಲೇ ನಿಂತಿತು.

"ಬತ್ತೇತ್ರಿ," ಎಂದಳು ಬಾಣಂತಿ. ಆಕೆಯ ದನಿಯಲ್ಲಿ ದುಃಖ ಇರಲಿಲ್ಲ. ಹಗುರಾದಂತೆ ಇತ್ತು.

"ಬತ್ತಿದ್ದು ತಿರುಗಿ ಬರತೈತಿ," ಎಂದರು ಸಿಸ್ಟರ್. "ಎಮ್ಮಿ ಹೈನ ಅಲ್ಲವ್ವಾ ಇದು, ಒಮ್ಮೆ ಬತ್ತಿದ್ರ ಮತ್ತ ಈಯೂ ತನಕಾ ಕಾಯಾಕ. ಕೂಸು ಜಗ್ಗಿದಷ್ಟೂ ಬರತೈತಿ. ಆದ್ರ ಹೊಟ್ಟಿ ತುಂಬಲಾರದ ಬರೀ ಎದಿ ಯಾವ ಕೂಸು ಜಗ್ಗತೈತಿ? ಅದಕ್ಕ ಒಂದು ಮೋಸ ಮಾಡಬೇಕು."

ಆ ಮೋಸವನ್ನು ಅವರು ನಮಗೆ ಕಲಿಸಿದರು. ಸಣ್ಣ ಬಟ್ಟಲಿನಲ್ಲಿ ಆಸ್ಪತ್ರೆಯಲ್ಲಿ ಸರಿಯಾಗಿ ಕಲಸಿದ ಹಾಲು. ಕೂಸನ್ನು ಬರಿ ಎದೆಗೆ ಹಾಕಿ ತೊಟ್ಟು ಕೊಡಬೇಕು. ಇನ್ನೊಬ್ಬರು ಚಮಚೆಯಿಂದ ಎದೆಯ ಮೇಲ್ಗಡೆಯಿಂದ ಹನಿ ಹನಿಯಾಗಿ ಬಿಡಬೇಕು. ಹಾಲು ಇಳಿದು ತೊಟ್ಟಿನ ಬಳಿ ಬರುತ್ತದೆ, ಕೂಸಿನ ಬಾಯಿಗೆ ಹೋಗುತ್ತದೆ. ಎದೆಯೇ ಹಾಲು ಕೊಡುತ್ತಿದೆ ಎಂದು ತಿಳಿದು ಕೂಸು ಜಗ್ಗುತ್ತದೆ. ಜಗ್ಗುವುದು ನಿಂತಾಗ ಮತ್ತೊಂದು ಹನಿ. ಹೆಚ್ಚು ಬಿಟ್ಟರೆ ಕೂಸು ಸೋಮಾರಿಯಾಗುತ್ತದೆ, ಕಡಿಮೆಯಾದರೆ ಬಿಟ್ಟು ಬಿಡುತ್ತದೆ. ಎರಡೆರಡು ತಾಸಿಗೊಮ್ಮೆ ಹೀಗೆ. ಬಾಟಲಿ ಮುಟ್ಟುವಂತಿಲ್ಲ. ಬಾಣಂತಿಗೆ ನೀರು, ಗಂಜಿ, ಕೇಳಿದಾಗಲೆಲ್ಲ.

ಮೊದಲ ಸಲ ಚಮಚೆ ಹಿಡಿದವಳು ನಾನು. ಕೂಸು ಎರಡು ಗುಟುಕು ಜಗ್ಗಿತು, ಮುಖ ತಿರುಗಿಸಿತು. ಮತ್ತೆ ಹಚ್ಚಿದೆವು, ಮತ್ತೆ ತಿರುಗಿಸಿತು. ಹುಡುಗಿ ಕೈ ಬಿಟ್ಟು ಕೂತಳು. "ಅದಕ್ಕೂ ಗೊತ್ತೈತ್ರಿ," ಎಂದಳು. ತೊಟ್ಟು ಆಗಲೇ ಸೀಳಿ ರಕ್ತ ಜಿನುಗುತ್ತಿತ್ತು. ಸಿಸ್ಟರ್ ಹಿಡಿಸುವ ರೀತಿಯನ್ನು ಸರಿಮಾಡಿ, ಬಂದ ಆ ಒಂದು ಹನಿಯನ್ನೇ ಸೀಳಿನ ಮೇಲೆ ಸವರಿ ಆರಲು ಬಿಡಿ ಎಂದರು.

ಹಿರಿಯಾಕೆ ಒಳಗೆ ಬರುತ್ತಲೇ ಇರಲಿಲ್ಲ. ವಾರ್ಡಿನ ಹೊರಗೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಗಂಜಿ ತರುವುದು, ಬಟ್ಟೆ ಒಗೆಯುವುದು, ಅಷ್ಟೇ. ನಾನು ಊರಿಗೆ ಹಿಂದಿರುಗಬೇಕಿತ್ತು. ಅಲ್ಲಿ ಇನ್ನಿಬ್ಬರಿಗೆ ದಿನ ತುಂಬಿದ್ದವು. ಸಿಸ್ಟರ್ ಅವರ ವಾರ್ಡಿನಲ್ಲಿ ಎಷ್ಟೋ ಕೂಸುಗಳು. ಚಮಚೆ ಹಿಡಿಯುವವರು ಯಾರು? ಅಳಿಯನನ್ನು ಕರೆಸೋಣ ಎಂದರು ಒಬ್ಬರು. ಅತ್ತೆಯ ಕಡೆಯವರನ್ನು ಕರೆಸೋಣ ಎಂದರು ಇನ್ನೊಬ್ಬರು. ಹಿರಿಯಾಕೆಯನ್ನು ದೂರ ಇಟ್ಟರೇ ಒಳ್ಳೆಯದೆಂದು ಎಲ್ಲರ ಮನಸ್ಸಿನಲ್ಲಿತ್ತು, ನನ್ನ ಮನಸ್ಸಿನಲ್ಲೂ. ಆದರೆ ಆಸ್ಪತ್ರೆಯಿಂದ ಆ ಹುಡುಗಿ ಹೋಗುವುದು ಅದೇ ಮನೆಗೆ, ಅದೇ ಹೊರಸಿಗೆ. ಅಲ್ಲಿ ಹಿರಿಯಾಕೆಯ ಕೈ ಬೇಡವೆಂದರೆ ಮೊದಲ ದಿನವೇ ಮಲ್ಲಿಗೆ ಬರುತ್ತದೆ. ನಾನು ಬಟ್ಟಲು ಚಮಚೆ ತೆಗೆದುಕೊಂಡು ಪಡಸಾಲೆಗೆ ಹೋದೆ.

"ಯಕ್ಕಾ, ಒಳಗ ಬರ್ರಿ. ಚಮಚಾ ನೀವು ಹಿಡೀಬೇಕು."

"ನನ್ನ ಕೈ ಬ್ಯಾಡ್ರಿ."

"ಯಾಕ?"

"ನನ್ನ ಕೈಯಾಗಿನ ಹಾಲು ಕುಡದದ್ದು ಉಳಿಯೂದಿಲ್ಲ. ನಿಮಗ ಹೇಳೇನಲ್ಲ."

ನಾನು ಆಕೆಯ ಬಾಜೂ ಕೂತೆ. ಏನು ಹೇಳಬೇಕೆಂದು ಯೋಚಿಸಿ ಹೋಗಿರಲಿಲ್ಲ. "ನನ್ನ ಕೈ ಏನ್ ಛಲೋ ಐತಿ ಅಂತೀರೇನು?" ಎಂದೆ. "ನಾ ಗಂಡನ್ನ ಕಳಕೊಂಡಾಕಿ. ನನ್ನ ನೆರಳು ಬೀಳಬಾರದು ಅಂತ ಊರಾಗ ನಾನ ಹೊರಗ ನಿಂದರತೀನಿ. ಮುಂಜಾನಿಂದ ನಿಮ್ಮ ಮೊಮ್ಮಗಳಿಗೆ ಇದ ಕೈಲೆ ಹಾಲು ಬಿಟ್ಟೇನಿ. ಸತ್ತತೇನು?"

ಆಕೆ ನನ್ನ ಮುಖವನ್ನು ನೋಡಿದಳು. ಹಾಗೆ ಒಬ್ಬರ ಮುಂದೆ ನಾನು ಎಂದೂ ಆಡಿರಲಿಲ್ಲ. ಕಣ್ಣೀರು ಬರಲಿಲ್ಲ, ನಾಚಿಕೆ ಮಾತ್ರ ಬಂತು. ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು, ಸಾಲದೆಂಬಂತೆ ನಳದ ಕೆಳಗೆ ಹೋಗಿ ಸಾಬೂನಿನಿಂದ ತೊಳೆದಳು, ಮತ್ತೆ ತೊಳೆದಳು. ಒಳಗೆ ಬಂದು ಚಮಚೆ ಹಿಡಿದಳು.

ಮೊದಲ ಹನಿ ಕೂಸಿನ ಕಿವಿಗೆ ಬಿತ್ತು.

"ಕಿವಿಗೆ ಕುಡಸತೀಯೇನಬೇ?" ಎಂದಳು ಮಗಳು. ಎಷ್ಟೋ ದಿನಗಳ ಮೇಲೆ ಆಕೆಯ ಬಾಯಿಂದ ಬಂದ ಚೇಷ್ಟೆಯ ಮಾತು ಅದು. ಹಿರಿಯಾಕೆ ನಗಲಿಲ್ಲ. ಎರಡನೇ ಹನಿ ಸರಿಯಾಗಿ ಇಳಿಯಿತು.

ಹಿರಿಯಾಕೆಗೆ ಈ ಕೆಲಸ ಒಗ್ಗಿತು. ಕೂಸಿನ ಗಂಟಲನ್ನೇ ನೋಡುತ್ತ, ಗುಟುಕು ಇಳಿದ ಮೇಲೆ ಮತ್ತೊಂದು ಹನಿ, ಅವಸರವಿಲ್ಲ. ನನಗಿಂತ ಚೆನ್ನಾಗಿ ಬಿಡುತ್ತಿದ್ದಳು. ನಾನು ಊರಿಗೆ ಹೋಗಿ ಬಂದು ಮಾಡುತ್ತಿದ್ದೆ. ಒಂದು ದಿನ ಹೋದರೆ ಬಾಣಂತಿ ಚಳಿಜ್ವರ ಬಂದು ಮುದ್ದೆಯಾಗಿ ಮಲಗಿದ್ದಳು, ಒಂದು ಎದೆ ಕೆಂಪಾಗಿ ಬಾತಿತ್ತು. ಇನ್ನು ಸಾಕು, ಡಬ್ಬಿ ಹಾಲನ್ನೇ ಕೊಡುತ್ತೇನೆ ಎಂದು ಹಟ ಹಿಡಿದಿದ್ದಳು. ಡಾಕ್ಟರು ಮಾತ್ರೆ ಕೊಟ್ಟು, ಆ ಎದೆಯನ್ನೂ ಬಿಡದೆ ಕುಡಿಸಬೇಕು ಎಂದರು. ಒಂದು ಇಡೀ ದಿನ ಆಕೆ ಕೂಸನ್ನು ಮುಟ್ಟಲಿಲ್ಲ. ಆ ದಿನ ಹಿರಿಯಾಕೆ ಬಟ್ಟಲಿನಿಂದಲೇ ಕೂಸಿಗೆ ಕುಡಿಸಿದಳು, ಬಾಟಲಿ ಹಿಡಿಯಲಿಲ್ಲ. ಮರುದಿನ ಮಗಳೇ ಕೂಸನ್ನು ಎತ್ತಿಕೊಂಡಳು.

ಬಟ್ಟಲಿನ ಹಾಲನ್ನು ಕಡಿಮೆ ಮಾಡುತ್ತ ಬರಲು ಸಿಸ್ಟರ್ ಹೇಳಿದರು. ಒಂದು ಮಧ್ಯಾಹ್ನ ಹಿರಿಯಾಕೆ ಚಮಚೆ ಎತ್ತುವ ಮೊದಲೇ ಗುಟುಕಿನ ಸದ್ದು ಕೇಳಿಸಿತು. ಆಕೆ ಚಮಚೆಯನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಬಟ್ಟಲಿನ ಹಾಲು ಹಾಗೇ ಇತ್ತು. ಕೂಸಿನ ಬಾಯಿಯ ಅಂಚಿನಿಂದ ಬೆಳ್ಳಗೆ ಒಂದು ಎಳೆ ಗದ್ದಕ್ಕೆ ಇಳಿಯಿತು. ಹುಡುಗಿ ತಾಯಿಯ ಕಡೆ ನೋಡಿ ತುಟಿ ಕಚ್ಚಿಕೊಂಡು ಅಳುತ್ತಿದ್ದಳು. ಹಿರಿಯಾಕೆ ಬಟ್ಟಲನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದಳು. ಸಂತೋಷಕ್ಕೆ ಎದ್ದು ಹೋದಳು ಎಂದುಕೊಂಡೆ.

ಮನೆಗೆ ಬಂದ ಮೇಲೂ ಹಾಲು ನಿಲ್ಲಲಿಲ್ಲ. ನಾನು ಹೋದಾಗಲೆಲ್ಲ ಹೊರಸಿನ ಕೆಳಗೆ ನೀರಿನ ತಂಬಿಗೆ ತುಂಬಿರುತ್ತಿತ್ತು, ಸಬ್ಬಸಗಿ ಪಲ್ಯದ ವಾಸನೆ ಬರುತ್ತಿತ್ತು. ತಕ್ಕಡಿಯ ಮುಳ್ಳು ಕೆಂಪು ದಾಟಿತು, ಹಳದಿಯನ್ನೂ ದಾಟಿತು. ಒಂದು ದಿನ ಹಸಿರಿನಲ್ಲಿ ನಿಂತ ಮುಳ್ಳನ್ನು ನಾನು ಹಿರಿಯಾಕೆಗೆ ತೋರಿಸಿದೆ. ಹುಡುಗಿ ಹಿತ್ತಲ ಬಚ್ಚಲಿಗೆ ನೀರು ಹಾಕಿಕೊಳ್ಳಲು ಹೋಗಿದ್ದಳು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಹಿರಿಯಾಕೆ ಮೊರದಲ್ಲಿ ಜೋಳ ಹಸನ ಮಾಡುತ್ತ ಕೂತಿದ್ದಳು. ಮುಳ್ಳನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು:

"ಅಕ್ಕಾರ, ಇಕೀ ಹಾಲಿನಾಗ ನಂಜು ಇಲ್ಲ ಹಂಗಾರ."

"ಇಲ್ರಿ ಯಕ್ಕಾ."

"ನನ್ನ ಹಾಲಿನಾಗ?"

ನಾನು ತಕ್ಕಡಿಯನ್ನು ಚೀಲಕ್ಕೆ ಹಾಕುತ್ತಿದ್ದೆ. ಕೆಲಸ ಗೆದ್ದ ಹಿಗ್ಗು ಮೈಯಲ್ಲಿತ್ತು. ಸಮಾಧಾನ ಮಾಡುತ್ತಿದ್ದೇನೆಂದೇ ತಿಳಿದು, ಎಂದಿಗಿಂತ ಗಟ್ಟಿಯಾದ ದನಿಯಲ್ಲಿ ಹೇಳಿದೆ: "ನಿಮ್ಮ ಹಾಲಿಗೆ ಏನಾಗಿತ್ರಿ? ಅದೂ ಛಲೋನ ಇತ್ತು."

ಮೊರ ಆಕೆಯ ತೊಡೆಯ ಮೇಲೆ ವಾಲಿತು. ಜೋಳ ನೆಲಕ್ಕೆ ಸುರಿಯಿತು. ಆಕೆ ಅದನ್ನು ನೋಡಲಿಲ್ಲ.

"ದೊಡ್ಡಾವ ಅಗದಿ ಗಟ್ಟಿ ಹಿಡೀತಿದ್ದ," ಎಂದಳು. "ಬಿಡಿಸಿದ ಮ್ಯಾಲ ರಾತ್ರಿ ಹಗಲಿ ಅತ್ತ. ನನ್ನ ಎದಿ ಸೋರತಿತ್ತು. ಸೀರಿ ತೊಯ್ದು ನೆಲಕ್ಕ ಹನೀತಿತ್ತು. ನಂಜು ಅಂತ ನಾ ಹಲ್ಲು ಕಚಗೊಂಡು ಕುಂತೆ. ಗಂಜಿ ತಿಳಿ ಹಾಕಿದ್ರ ಉಗಳಿದ. ಎರಡನೇದಾವನೂ ಹಂಗ." ಆಮೇಲೆ ನನ್ನನ್ನು ಕೇಳುವವಳಂತೆ ಹೇಳಿದಳು: "ಇಷ್ಟು ವರ್ಷ ನನ್ನ ಹಾಲು ಕೊಂದೈತಿ ಅಂತಿದ್ದೆ. ಅವು ಹಸದು ಹೋಗ್ಯಾವೇನ್ರಿ ಅಕ್ಕಾರ?"

ತರಬೇತಿಯಲ್ಲಿ ಎಷ್ಟೋ ಕಲಿಸಿದ್ದರು. ಇದಕ್ಕೆ ಏನು ಹೇಳಬೇಕೆಂದು ಕಲಿಸಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಅಷ್ಟು ಹಿಂದಿನ ಮಾತು, ಏನು ರೋಗವೋ ಏನೋ, ಯಾರು ಬಲ್ಲರು? ಬಾಗಿ ಜೋಳ ಆರಿಸತೊಡಗಿದೆ. ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಎದ್ದು ಒಂದು ದನಿ ಅತ್ತಿತು. ಹಿರಿಯಾಕೆ ಚಂಗನೆ ಎದ್ದು, ಕಾಳಿನ ಮೇಲೆ ಕಾಲಿಟ್ಟುಕೊಂಡೇ ಹಿತ್ತಲಿಗೆ ಓಡಿದಳು.

"ಲೇ, ಲಗೂ ಬಾರಬೇ! ಕೂಸಿಗೆ ಹಸಿವ್ಯಾಗೇತಿ! ನೀರು ಸಾಕ, ಬಾ, ಮದಲ ಹಚ್ಚಿಕೋ!"

ಮಗಳು ಅರ್ಧ ಎರೆದುಕೊಂಡ ತಲೆಯಲ್ಲೇ ಬಂದಳು. "ಒಂದು ಗಳಿಗಿ ಅತ್ರ ಏನಾಗತೈತಬೇ ಯವ್ವಾ, ಜೀವ ಹೋಗತೈತೇನು?" ಎಂದು ಗೊಣಗುತ್ತ ಕೂಸನ್ನು ಎದೆಗೆ ಹಾಕಿಕೊಂಡಳು. ಹಿರಿಯಾಕೆ ಗುಟುಕಿನ ಸದ್ದು ಕೇಳಿಸುವ ತನಕ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

ಹುಡುಗಿ ಗಂಡನ ಮನೆಗೆ ಹೋಗುವ ತನಕ ಆ ಮನೆಯಲ್ಲಿ ಹೀಗೇ ನಡೆಯಿತು. ರೊಟ್ಟಿ ಹಂಚಿನ ಮೇಲೆ ಹೊತ್ತಿದರೂ ಸರಿ, ಎಮ್ಮೆ ಹಿಂಡುವುದು ಅರ್ಧಕ್ಕೆ ನಿಂತರೂ ಸರಿ, ಕೂಸಿನ ಒಂದು ದನಿ ಕೇಳಿದರೆ ಹಿರಿಯಾಕೆ ಓಡಿ ಬಂದು ಅದನ್ನು ಎತ್ತಿ ಮಗಳ ಎದೆಗೆ ಕೊಡುತ್ತಿದ್ದಳು. ಎರಡನೇ ದನಿಗೆ ಬಿಡುತ್ತಿರಲಿಲ್ಲ. ಓಣಿಯ ಹೆಂಗಸರು ನಗುತ್ತಿದ್ದರು. "ಕೂಸಿಗೆ ಅಳಾಕೂ ಬಿಡೂದಿಲ್ಲ ನೋಡ್ರಿ ಅಕ್ಕಾರ, ಎಷ್ಟು ಅಚ್ಛಾ, ಮುದ್ದು ಮಾಡತಾಳ ಮೊಮ್ಮಗಳನ್ನ!" ಎಂದು ನನ್ನ ಮುಂದೆ ಹೇಳುತ್ತಿದ್ದರು. ನಾನು ಹೌದ್ರಿ ಎಂದು ಮುಂದಿನ ಮನೆಗೆ ಹೋಗುತ್ತಿದ್ದೆ.